ತಿರುಗಿ ಒಮ್ಮೆ

ತಿರುಗುವುದನ್ನು ಮನುಷ್ಯನಿಗೆ ಕಲಿಸಬೇಕಾಗಿಲ್ಲವೆಂಬುದು ಲೋಕದ ನಂಬಿಕೆ. ನಡೆಯಲು ಕಲಿತ ಕೂಸು ನಾಲ್ಕು ದಿನಗಳಲ್ಲಿಯೇ ಪಡಸಾಲೆಯ ನಡುವೆ ನಿಂತು ಗಿರಗಿರನೆ ತಿರುಗಿ, ಕಣ್ಣು ಕತ್ತಲೆಗೂಡಿ ಬಿದ್ದು ನಗುತ್ತದೆ. ಓಣಿಯಲ್ಲಿ ಬಗರಿ ತಿರುಗುತ್ತದೆ. ಜಾತ್ರೆಯಲ್ಲಿ ತೊಟ್ಟಿಲು ತಿರುಗುತ್ತದೆ. ಪದವಿ ಪಡೆದು ನೌಕರಿ ಸಿಗದ ತರುಣ ಊರೆಲ್ಲ ತಿರುಗುತ್ತಾನೆ. ಇವರಲ್ಲಿ ಯಾರೂ ಗುರುವಿನ ಮೊರೆ ಹೊಕ್ಕವರಲ್ಲ. ಆದರೆ ಅಂಗೈಗಿಂತ ತುಸುವೇ ಅಗಲವಾದ ಕಟ್ಟಿಗೆಯ ತೊಲೆಯ ಮೇಲೆ, ಒಂದೇ ಕಾಲಿನ ತುದಿಯಲ್ಲಿ ನಿಂತು, ಒಂದು ಸುತ್ತು ಪೂರ್ಣವಾಗಿ ತಿರುಗಿ, ಹೊರಟ ದಿಕ್ಕಿಗೇ ಮುಖಮಾಡಿ ಅಲುಗದೆ ನಿಲ್ಲುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ಅದನ್ನು ಹತ್ತು ವರ್ಷದ ಹುಡುಗಿಗೆ ಕಲಿಸುವುದಂತೂ ಇನ್ನೂ ದೊಡ್ಡ ವಿದ್ಯೆ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೆ ಇದರ ಪರಿಚಯವಾದದ್ದು ಸುಳ್ಳದಲ್ಲಿ.

ಸುಳ್ಳ ಹುಬ್ಬಳ್ಳಿ ತಾಲೂಕಿನ ಒಂದು ಹಳ್ಳಿ. "ಸುಳ್ಳಕ್ಕೆ ಹೋಗಿದ್ದೆ" ಎಂದರೆ ಧಾರವಾಡದ ನನ್ನ ಗೆಳೆಯರು "ಖರೇನೋ?" ಎಂದು ಕೇಳುತ್ತಾರೆ. ಹೆಸರು ಏನೇ ಇರಲಿ, ಅಲ್ಲಿಯ ಕಪ್ಪು ಮಣ್ಣು ಸುಳ್ಳು ಹೇಳುವಂಥದಲ್ಲ. ಮಳೆಯಾದರೆ ಹೆಸರು, ಹತ್ತಿ, ಮೆಣಸಿನಕಾಯಿ ಬರುತ್ತವೆ. ಮಳೆ ಹೋದರೆ ನೆಲ ಬಾಯಿಬಿಟ್ಟು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ನನ್ನ ತಂಗಿಯನ್ನು ಕೊಟ್ಟದ್ದು ಅದೇ ಊರಿಗೆ. ರಜೆ ಸಿಕ್ಕಾಗಲೆಲ್ಲ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಎರಡು ದಿನ ಜೋಳದ ರೊಟ್ಟಿ ತಿಂದು ಬರುವುದು ನನ್ನ ಪದ್ಧತಿ.

ಆ ಊರಲ್ಲಿ ನಿವೃತ್ತರಾದ ಒಬ್ಬ ಡ್ರಿಲ್ ಮಾಸ್ತರರಿದ್ದಾರೆ. ಸಂಜೆ ಐದಕ್ಕೆ ಗುಡಿಯ ಪೌಳಿಯಲ್ಲಿ ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು ಜಿಮ್ನ್ಯಾಸ್ಟಿಕ್ಸ್ ಕಲಿಸುತ್ತಾರೆ. ಸಾಮಾನುಗಳೆಂದರೆ ನಾಲ್ಕು ಹಳೆಯ ಗಾದಿ, ಒಂದು ಮಲ್ಲಕಂಬ, ಮತ್ತು ಯಾರದೋ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆ. ತೊಲೆಯನ್ನು ಬಡಿಗನ ಕೈಲಿ ಕೆತ್ತಿಸಿ 10 ಸೆಂಟಿಮೀಟರ್ ಅಗಲಕ್ಕೆ ತಂದಿದ್ದಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳು ಆಡುವ ತೊಲೆಯ ಅಗಲವೂ ಇಷ್ಟೇ. ಆದರೆ ಅದರ ಉದ್ದ 5 ಮೀಟರ್, ನೆಲದಿಂದ ಅದರ ಎತ್ತರ 125 ಸೆಂಟಿಮೀಟರ್. ಸುಳ್ಳದ ತೊಲೆ ಮೂರು ಮೀಟರಿಗೆ ಮುಗಿದುಹೋಗುತ್ತದೆ. ಅದರ ಎತ್ತರ ಎರಡು ಇಟ್ಟಿಗೆಯಷ್ಟು.

ನಮ್ಮ ಕಡೆಗೆ ಇಂಥ ಕಸರತ್ತು ಹೊಸದೇನಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವೇ ಇದೆ. ಕಂಬದ ಮೇಲಿನ ಸಾಧನೆ ಜಟ್ಟಿಗಳ ತಾಲೀಮಿನಲ್ಲಿ ಸೇರಿತ್ತೆಂಬುದು ಅಲ್ಲಿಂದ ತಿಳಿಯುತ್ತದೆ. ಮುಂದೆ 19ನೆಯ ಶತಮಾನದ ಆರಂಭಕ್ಕೆ, ಪೇಶವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು ಮಲ್ಲಕಂಬಕ್ಕೆ ಮರುಜೀವ ಕೊಟ್ಟರು. 1936ರ ಬರ್ಲಿನ್ ಒಲಿಂಪಿಕ್ಸಿನ ಕಾಲಕ್ಕೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ನಮ್ಮ ದೇಶೀಯ ಆಟಗಳನ್ನು ಅಲ್ಲಿ ತೋರಿಸಿ ಬಂದರು. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ನಮಗೆ ತಾಲೀಮು, ಕಸರತ್ತು ಎಂಬ ಮಾತುಗಳು ಮನೆಮಾತುಗಳೇ. ಧಾರವಾಡದ ಮಲ್ಲಸಜ್ಜನ ವ್ಯಾಯಾಮಶಾಲೆಯ ಹೆಸರು ಕೇಳದವರು ಈ ಭಾಗದಲ್ಲಿ ಕಡಿಮೆ. ಮಾಸ್ತರರು ಮಲ್ಲಕಂಬದ ಆಳು. ಜಿಮ್ನ್ಯಾಸ್ಟಿಕ್ಸನ್ನು ಆಮೇಲೆ ಪುಸ್ತಕ ಓದಿ, ಶಿಬಿರಗಳಿಗೆ ಹೋಗಿ ಕಲಿತವರು. "ಕಂಬದ ಮ್ಯಾಲೆ ತಪ್ಪಿದರ ಕಂಬಾನ ಹೇಳತೈತಿ. ನೆಲದ ಮ್ಯಾಲೆ ತಪ್ಪಿದರ ಮಾಸ್ತರ ಹೇಳಬೇಕಾಗತೈತಿ" ಎಂಬುದು ಅವರ ಸಿದ್ಧಾಂತ.

ನನ್ನ ತಂಗಿಯ ಮಗಳು ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳು. ಎಲ್ಲರಿಗಿಂತ ಚುರುಕು. ಹೋದ ವರುಷ ದಸರೆ ಮುಗಿದ ಮೇಲೆ ಅವಳಿಗೆ ತೊಲೆಯ ಮೇಲೆ ಒಂದು ಸುತ್ತು ತಿರುಗಲು ಬಂದುಬಿಟ್ಟಿತು. ಬಂದದ್ದು ಹೇಗೆಂಬುದನ್ನು ಯಾರೂ ಕೇಳಲಿಲ್ಲ. ಎರಡೂ ಕೈಗಳನ್ನು ಬೀಸಿ ಒಗೆದು, ಭುಜವನ್ನು ಮುಂಚಿತವಾಗಿ ಹೊರಳಿಸಿ, ಆ ಎಳೆತಕ್ಕೆ ಸಿಕ್ಕ ಮೈ ಸುತ್ತಿ ಬರುತ್ತಿತ್ತು. ನಾಲ್ಕು ಸಲ ಮಾಡಿದರೆ ಎರಡು ಸಲ ನಿಲ್ಲುತ್ತಿದ್ದಳು, ಎರಡು ಸಲ ಇಳಿದುಬಿಡುತ್ತಿದ್ದಳು. ನಿಂತಾಗ ಪೌಳಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅವಳ ಅಪ್ಪನಂತೂ ಆ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಬೀಗರಿಗೆಲ್ಲ ಕಳಿಸಿದ್ದರು. ಧಾರವಾಡದಲ್ಲಿ ಮಕ್ಕಳ ಸ್ಪರ್ಧೆಗೆ ಏಳು ವಾರ ಉಳಿದಿತ್ತು. ಅಷ್ಟರಲ್ಲಿ ಅವಳ ಬಲಗಾಲಿನ ಕೀಲು ಸಣ್ಣಗೆ ಬಾತಿತು. ಬಾವು ಇಳಿದ ಮೇಲೆ ಮಾಸ್ತರರು ಒಂದು ಮಾತು ಹೇಳಿದರು: ಇನ್ನು ಮೇಲೆ ಪೂರ್ಣ ಸುತ್ತು ಬಂದ್.

ಆ ವಾರವೇ ನಾನು ಸುಳ್ಳಕ್ಕೆ ಹೋದದ್ದು. ಬಾಗಿಲಲ್ಲಿ ಕಾಲು ತೊಳೆಯುವುದರೊಳಗೆ ತಂಗಿ ಅಹವಾಲು ತೆಗೆದಳು. "ಅಣ್ಣಾ, ನೀ ಆದರೂ ಹೋಗಿ ಹೇಳು. ಬಂದದ್ದನ್ನ ಬಿಡಸ್ಯಾರ. ದಿನಾ ಬರೇ ತುದಿಗಾಲ ಮ್ಯಾಲೆ ನಿಂದರಸ್ತಾರ. ಹುಡುಗಿ ರಾತ್ರಿ ಅತಗೊಂತ ಮಲಗತೈತಿ." ಅವಳ ಗಂಡನ ಮಾತು ಇನ್ನೂ ನೇರವಾಗಿತ್ತು. ಪಟ್ಟಣದ ತರಬೇತುದಾರರೊಬ್ಬರು, ಹೇಗಾದರೂ ಸುತ್ತಿ ಬಂದು ನಿಂತರೆ ಸಾಕು, ಅಂಕ ಬರುತ್ತವೆ ಎಂದಿದ್ದರಂತೆ. ಹಾಗಿದ್ದಮೇಲೆ ಹಳ್ಳಿಯ ಮಾಸ್ತರರ ಹಟವೇಕೆ? ಹುಡುಗಿ ನನ್ನ ಕಡೆಗೆ ನೋಡಿ, "ಮಾಮಾ, ನನಗ ಬರತೈತಿ. ಅವರು ಬರೂದಿಲ್ಲ ಅಂತಾರ" ಎಂದಳು. ವಿದ್ಯಾರ್ಥಿಗಳ ಇಂಥ ಫಿರ್ಯಾದಿಯನ್ನು ನಾನು ಇಪ್ಪತ್ತು ವರುಷ ಕೇಳಿದವನು. ಆದರೂ ಕಣ್ಣೀರಿನೊಡನೆ ಹತ್ತಿರದವರೇ ಹೇಳಿದಾಗ ಅದು ಬೇರೆಯಾಗಿಯೇ ಕೇಳಿಸುತ್ತದೆ. ಸಂಜೆಗೆ ಗುಡಿಗೆ ಹೋದೆ.

ಮಾಸ್ತರರು ನನ್ನನ್ನು ಕಟ್ಟೆಯ ಮೇಲೆ ಕೂಡ್ರಿಸಿ ವಾದಕ್ಕೆ ಇಳಿಯಲಿಲ್ಲ. "ನೀವ ನೋಡ್ರಿ ಸರ" ಎಂದು ಹುಡುಗಿಯನ್ನು ಕರೆದು, ಫರಸಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, "ತಂಗೀ, ನಿಂದರು" ಎಂದರು. ಅವಳು ಒಂದು ಕಾಲಿನ ಹಿಮ್ಮಡಿಯನ್ನು ಎತ್ತಿ, ಇನ್ನೊಂದು ಕಾಲಿನ ಹೆಬ್ಬೆರಳನ್ನು ಮೊಣಕಾಲಿಗೆ ತಾಗಿಸಿ ನಿಂತಳು. ಮಾಸ್ತರರು ಎಣಿಸಿದರು: ಒಂದು, ಎರಡು. ಮೂರಕ್ಕೆ ಹಿಮ್ಮಡಿ ನಡುಗಿತು, ನಾಲ್ಕಕ್ಕೆ ಕೆಳಗೆ ಬಂತು. "ನಿಂದ್ರಾಕ ಬಾರದವರಿಗೆ ತಿರಗಾಕ ಬರೂದಿಲ್ಲರಿ. ಈಕಿ ತಿರುಗಿದ್ದು ತಿರುವಲ್ಲ, ಗಿರಕಿ. ಬೀಳೂದನ್ನ ಬೀಳೂದರೊಳಗ ಒಂದು ಸುತ್ತು ಹಾಕಿ ಮುಗಿಸಿದ್ದು."

ಗಿರಕಿ, ತಿರುವು: ಈ ಎರಡು ಮಾತುಗಳನ್ನು ಅವರು ಬೇರೆಮಾಡಿದ ಬಗೆ ಕನ್ನಡದ ಮಾಸ್ತರನಾದ ನನಗೆ ಹಿಡಿಸಿತು. ಕೇಳುತ್ತ ಹೋದಂತೆ ವಿಷಯ ಬಿಡಿಸಿಕೊಂಡಿತು. ತಿರುವಿಗೆ ಬೇಕಾದ ಬಲ ಕೈಯಿಂದ ಬರಬಾರದು, ನೆಲದಿಂದ ಬರಬೇಕು. ಮುಂದಿನ ಮೊಣಕಾಲನ್ನು ತುಸು ಮಣಿಸಿ, ಮೈಭಾರವನ್ನು ಅದರ ಮೇಲೆ ತಂದು, ಹಿಂದಿನ ಪಾದದಿಂದ ನೆಲವನ್ನು ಒತ್ತಿ ಏಳಬೇಕು. ಎದ್ದೊಡನೆ ನಿಂತ ಕಾಲು ಕೋಲಿನಂತೆ ನೆಟ್ಟಗಾಗಬೇಕು; ಹಿಮ್ಮಡಿ ಎಷ್ಟು ಮೇಲೇರುವುದೋ ಅಷ್ಟು ಮೇಲೇರಬೇಕು. ತಲೆ, ಭುಜ, ಸೊಂಟ, ಪಾದದ ಮುಂಗಟ್ಟು, ಇವಿಷ್ಟೂ ಒಂದೇ ತೂಗುಗುಂಡಿನ ದಾರದಲ್ಲಿ ಇರಬೇಕು. ಬಿಚ್ಚಿದ ಕೈಗಳನ್ನು ಆಗ ಮೈಯ ಹತ್ತಿರ ತಂದರೆ ಸಾಕು, ವೇಗ ತಾನಾಗಿಯೇ ಹೆಚ್ಚುತ್ತದೆ. ಭಾರ ನಡುಗೆರೆಯ ಸಮೀಪಕ್ಕೆ ಬಂದಷ್ಟೂ ಸುತ್ತು ತ್ವರಿತವಾಗುವುದು ಪ್ರಕೃತಿಯ ನಿಯಮ. ಅದಕ್ಕೆ ಕೈ ಬೀಸುವ ಅವಸರವೇ ಬೇಡ. ಬೀಸಿದರೆ ಭುಜ ಮೊದಲು ಹೋಗಿ ಸೊಂಟ ಹಿಂದುಳಿಯುತ್ತದೆ. ಮೈಯೆಂಬ ಕಂಬ ಹಗ್ಗದಂತೆ ಹುರಿಗೊಳ್ಳುತ್ತದೆ. ನಡುವೆ ಹಿಮ್ಮಡಿ ಇಳಿಯಿತೋ, ಪಾದ ನೆಲಕ್ಕೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮೈ ಮಾತ್ರ ಮುಂದೆ ಹೋಗುತ್ತದೆ. ಆ ತಿರುಚನ್ನೆಲ್ಲ ಕೀಲು ಮತ್ತು ಮೊಣಕಾಲು ತಿನ್ನಬೇಕಾಗುತ್ತದೆ. ಹುಡುಗಿಯ ಕಾಲು ಬಾತದ್ದರ ಅರ್ಥ ಅಲ್ಲಿತ್ತು.

ಕಣ್ಣಿಗೂ ಒಂದು ಪಾಠವಿದೆ. ಎದುರಿನ ಕಂಬದ ಮೇಲೆ ಮಾಸ್ತರರು ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಮೈ ತಿರುಗಲು ತೊಡಗಿದರೂ ಕಣ್ಣು ಆ ಬೊಟ್ಟನ್ನು ಬಿಡಬಾರದು. ಇನ್ನು ಕತ್ತು ತಡೆಯಲಾರದೆಂದಾಗ ತಲೆಯನ್ನು ಸರಕ್ಕನೆ ಹೊರಳಿಸಿ, ಮೈಗಿಂತ ಮೊದಲೇ ಮತ್ತೆ ಅದೇ ಬೊಟ್ಟನ್ನು ಹಿಡಿಯಬೇಕು. ನಮ್ಮ ಕಿವಿಯ ಒಳಭಾಗದಲ್ಲಿ ಮೂರು ಅರ್ಧವರ್ತುಲದ ನಾಳಗಳಿವೆಯಷ್ಟೆ; ತಲೆ ಒಂದೇ ಸಮನೆ ತಿರುಗುತ್ತಿದ್ದರೆ ಅವುಗಳೊಳಗಿನ ದ್ರವವೂ ಅದರೊಡನೆ ತಿರುಗಲು ತೊಡಗುತ್ತದೆ, ನಿಂತ ಮೇಲೂ ಅದು ನಿಲ್ಲುವುದಿಲ್ಲ. ಆದುದರಿಂದಲೇ ಪಡಸಾಲೆಯಲ್ಲಿ ತಿರುಗಿದ ಕೂಸಿಗೆ ನಿಂತಮೇಲೂ ಮನೆಯೆಲ್ಲ ತಿರುಗುವಂತೆ ಕಾಣುತ್ತದೆ. ತಲೆಯನ್ನು ತಡೆದು, ಒಮ್ಮೆಲೆ ಹೊರಳಿಸಿ, ಮತ್ತೆ ನಿಲ್ಲಿಸಿದರೆ ಈ ಮೋಸ ಕಡಿಮೆ. ನಮ್ಮ ನರ್ತನದವರಿಗೂ ತಿರುಗುವುದೊಂದು ಶಾಸ್ತ್ರವೇ ಆಗಿತ್ತು: ನಂದಿಕೇಶ್ವರನ 'ಅಭಿನಯದರ್ಪಣ'ದಲ್ಲಿ ಏಳು ಭ್ರಮರಿಗಳನ್ನು ಹೇಳಿದೆ, ಅವುಗಳಲ್ಲೊಂದು ಏಕಪಾದಭ್ರಮರಿ. ಈ ಮಾತನ್ನು ಮಾಸ್ತರರಿಗೆ ಹೇಳಿದಾಗ ಅವರು ಹಿಗ್ಗಲಿಲ್ಲ. "ಹೆಸರ ಇಟ್ಟಾರ ಅಂದಮ್ಯಾಲೆ ಅವರೂ ಮೊದಲ ನಿಂದರಸೇ ಇರಬೇಕ್ರಿ" ಎಂದರು.

ಅವರು ಕಲಿಸುವ ಕ್ರಮವನ್ನು ನಾನು ಎರಡು ಸಂಜೆ ಕೂತು ನೋಡಿದೆ. ಮೊದಲು ಎರಡೂ ಪಾದಗಳ ತುದಿಯಲ್ಲಿ ನಿಲ್ಲುವುದು. ಅಲ್ಲಿಯೇ ಎರಡು ಕಾಲಿನ ಮೇಲೆ ಹಿಂದುಮುಂದಾಗುವುದು. ಅನಂತರ ಒಂಟಿಕಾಲಿನ ನಿಲುವು. ಅದು ಗಟ್ಟಿಯಾದರೆ ಕಾಲು ತಿರುವು: ಪೂರ್ವಕ್ಕೆ ಮುಖವಿದ್ದವಳು ಉತ್ತರಕ್ಕೆ ಬಂದು ಹಿಮ್ಮಡಿ ಇಳಿಸದೆ ಮೂರು ಎಣಿಸುವವರೆಗೆ ನಿಲ್ಲಬೇಕು. ಆಮೇಲೆ ಅರ್ಧ. ಆಮೇಲೆ ಪೂರ್ಣ. ಪ್ರತಿಯೊಂದನ್ನೂ ಮೊದಲು ನೆಲದ ಮೇಲೆ, ಬಳಿಕ ಸುಣ್ಣದ ಗೀಟಿನ ಮೇಲೆ, ಕೊನೆಗೆ ತೊಲೆಯ ಮೇಲೆ. ಕಾಲು ನೆಲಕ್ಕೆ ಕಚ್ಚದಿರಲೆಂದು ಆರಂಭಕ್ಕೆ ಫರಸಿಯ ಮೇಲೆ ಕಾಲುಚೀಲ ತೊಡಿಸುತ್ತಾರೆ. ಒಂದು ಮೆಟ್ಟಿಲಲ್ಲಿ ತಪ್ಪಿದರೆ ಗದರಿಕೆಯಿಲ್ಲ, ಹೊಗಳಿಕೆಯೂ ಇಲ್ಲ. ಅವರ ಬಾಯಲ್ಲಿ ಬರುವುದು ಒಂದೇ ಮಾತು: "ತಿರುಗಿ." ಕನ್ನಡದಲ್ಲಿ ಈ ಶಬ್ದಕ್ಕೆ ಸುತ್ತುವ ಅರ್ಥವೂ ಇದೆ, ಮತ್ತೊಮ್ಮೆ ಎಂಬ ಅರ್ಥವೂ ಇದೆ, ಹೊರಟಲ್ಲಿಗೆ ಮರಳುವ ಅರ್ಥವೂ ಇದೆ. ಕೋಶದಲ್ಲಿ ಈ ಮೂರನ್ನೂ ಓದಿಯೇ ಇದ್ದೆ. ಮೂರೂ ಒಂದೇ ಮಾತಾಗಿ ಕೇಳಿಸಿದ್ದು ಆ ಪೌಳಿಯಲ್ಲಿ.

ಎರಡನೆಯ ಸಂಜೆ ಹುಡುಗಿಯ ಅಣ್ಣ ಮೊಬೈಲು ತಂದು ಮಾಸ್ತರರಿಗೆ 2016ರ ರಿಯೊ ಒಲಿಂಪಿಕ್ಸಿನ ಚಿತ್ರಗಳನ್ನು ತೋರಿಸಿದ. ನಮ್ಮ ದೀಪಾ ಕರ್ಮಾಕರ್ ವಾಲ್ಟಿನಲ್ಲಿ 15.066 ಅಂಕ ಪಡೆದು ನಾಲ್ಕನೆಯವಳಾಗಿ, ಕೇವಲ 0.150 ಅಂಕದಿಂದ ಕಂಚು ತಪ್ಪಿಸಿಕೊಂಡದ್ದು ಅಲ್ಲಿಯೇ. ಅದನ್ನು ದೇಶವೆಲ್ಲ ನೋಡಿದೆ. ಅದರ ಮರುದಿನ ನಡೆದ ತೊಲೆಯ ಸ್ಪರ್ಧೆಯನ್ನು ನೋಡಿದವರು ನಮ್ಮಲ್ಲಿ ಕಡಿಮೆ. ಆ ದಿನ ಬಂಗಾರ ಗೆದ್ದವಳು ಹಾಲೆಂಡಿನ ಸಾನೆ ವೆವರ್ಸ್. ಜಗತ್ತಿನ ಶ್ರೇಷ್ಠ ಆಟಗಾರ್ತಿಯೆನಿಸಿದ ಅಮೆರಿಕೆಯ ಸಿಮೋನ್ ಬೈಲ್ಸ್‌ಗೆ ಅಲ್ಲಿ ಸಿಕ್ಕದ್ದು ಕಂಚು. ವೆವರ್ಸಳ ಹೆಸರಿದ್ದುದು ಲಾಗಗಳಿಗಲ್ಲ, ಒಂಟಿಕಾಲಿನ ತಿರುವುಗಳಿಗೆ. ಒಂದರ ಬೆನ್ನಿಗೆ ಒಂದನ್ನು ಹೆಣೆದುಕೊಂಡು ಹೋಗುತ್ತಿದ್ದಳು. ಅವಳಿಗೆ ದೊರೆತ ಅಂಕ 15.466. ಹುಡುಗರೆಲ್ಲ ಸುತ್ತುಗಳನ್ನು ಎಣಿಸುತ್ತಿದ್ದರು. ಮಾಸ್ತರರು ಕನ್ನಡಕ ಏರಿಸಿ, ಚಿತ್ರವನ್ನು ನಿಧಾನಮಾಡಿಸಿ, ಮೂರು ಸಲ ನೋಡಿ ಅಂದದ್ದು ಇಷ್ಟೇ: "ಹಿಮ್ಮಡ ನೋಡ್ರಿ ಸರ. ಇಳದs ಇಲ್ಲ." ಅವರು ಹಿಮ್ಮಡಿಯನ್ನೇ ನೋಡಿದ್ದು ಅಕಾರಣವಲ್ಲ. ಆಧಾರದ ಕಾಲಿನ ಹಿಮ್ಮಡಿ ಇಳಿದೊಡನೆ ತಿರುವು ಮುಗಿಯಿತೆಂದು ತೀರ್ಪುಗಾರರು ಎಣಿಸುತ್ತಾರೆ. ಆಮೇಲೆ ಮೈ ಎಷ್ಟು ಸುತ್ತಿದರೂ ಅದು ಲೆಕ್ಕಕ್ಕಿಲ್ಲ.

ನಾನು ತಂಗಿಯ ಮನೆಗೆ ಮರಳಿ ವಕೀಲಿಕೆ ಮಾಡಿದ್ದು ಮಾಸ್ತರರ ಪರವಾಗಿ. ನನ್ನ ಕಸುಬಿನಿಂದಲೇ ಉದಾಹರಣೆ ಕೊಟ್ಟೆ. ಪಂಪನ ಒಂದು ಪದ್ಯದ ಸಾರಾಂಶವನ್ನು ಗೈಡಿನಿಂದ ಬಾಯಿಪಾಠಮಾಡಿ ಬರೆದ ಹುಡುಗನಿಗೆ ಅಂಕ ಬರುತ್ತವೆ, ನಿಜ. ಆದರೆ ಪದ ಬಿಡಿಸಲು ಬಾರದ ಅವನಿಗೆ ಎರಡನೆಯ ಪದ್ಯ ಎಂದಿಗೂ ತೆರೆಯುವುದಿಲ್ಲ. ಪ್ರತಿ ಪದ್ಯಕ್ಕೂ ಹೊಸ ಗೈಡೇ ಬೇಕು. ಅವನ ಪಾಲಿಗೆ ಪೆಟ್ಟಾಗುವುದು ಬರೀ ಬುದ್ಧಿಗೆ. ಈ ಹುಡುಗಿಯ ಪಾಲಿಗೆ ಅದು ಕಾಲಿಗೆ. ತಂಗಿ ಅರ್ಧ ಒಪ್ಪಿದಳು. ಅವಳ ಗಂಡ "ಸ್ಪರ್ಧೆ ದಿವಸ ನೋಡೋಣು" ಎಂದರು. ಹುಡುಗಿ ಏನೂ ಅನ್ನಲಿಲ್ಲ.

ಸ್ಪರ್ಧೆಗೆ ನಾನೂ ಹೋಗಿದ್ದೆ. ತೊಲೆಯ ಮೇಲಿನ ಅವಳ ಆಟ ಒಂದು ನಿಮಿಷದ್ದು. ಪೂರ್ಣ ಸುತ್ತು ಹಾಕಿದರೆ ಅದಕ್ಕೆ ಬೇರೆ ಅಂಕವಿತ್ತು; ಅರ್ಧ ತಿರುವಿಗೆ ಇರಲಿಲ್ಲ. ಮಾಸ್ತರರು ಅವಳಿಗೆ ಕೊಟ್ಟಿದ್ದುದು ಅರ್ಧವನ್ನು. ಅವಳಿಗಿಂತ ಮೊದಲಿನ ಮೂವರು ಹುಡುಗಿಯರು ಪೂರ್ಣ ಸುತ್ತು ಹಾಕಿದರು. ಒಬ್ಬಳು ಬಿದ್ದಳು, ಇಬ್ಬರು ನಿಂತರು. ಇವಳು ತೊಲೆಯ ನಡುವಿಗೆ ಬಂದು ಮೊಣಕಾಲು ಮಣಿಸಿದಾಗ ಅಪ್ಪ ನನ್ನ ಮುಂಗೈ ಹಿಡಿದುಕೊಂಡರು. ಅವಳ ಕೈ ಒಂದು ಗಳಿಗೆ ಅಗಲಕ್ಕೆ ಹೋಯಿತು. ಅದೇ ಹಳೆಯ ಬೀಸು ಬಂದೇಬಿಟ್ಟಿತೆಂದು ನಾನು ಉಸಿರು ಹಿಡಿದೆ. ಕೈ ಬೀಸಲಿಲ್ಲ; ಮೆಲ್ಲಗೆ ಒಳಗೆ ಬಂತು. ಹಿಮ್ಮಡಿ ಎದ್ದಿತು. ಅರ್ಧ ಸುತ್ತು ತಿರುಗಿ, ನಾವು ಕುಳಿತ ದಿಕ್ಕಿಗೆ ಮುಖಮಾಡಿ, ಇಳಿಯದೆ ನಿಂತಳು. ನಾನು ಎಣಿಸಿದೆ: ಒಂದು, ಎರಡು, ಮೂರು. ನಾಲ್ಕನೆಯದಕ್ಕೂ ಹಿಮ್ಮಡಿ ಅಲ್ಲಿಯೇ ಇತ್ತು. ಆಮೇಲೆ ತಾನೇ ಇಳಿಸಿದಳು.

ಬಹುಮಾನ ಬರಲಿಲ್ಲ. ಒಟ್ಟು ಪಟ್ಟಿಯಲ್ಲಿ ಅವಳ ಹೆಸರು ಒಂಬತ್ತನೆಯದು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಹುಡುಗಿ ತಾಯಿಯ ತೊಡೆಯ ಮೇಲೆ ಮಲಗಿ ನಿದ್ದೆಹೋದಳು. ಮಾಸ್ತರರು ಮುಂದಿನ ಸೀಟಿನಲ್ಲಿ ಉಳಿದ ಮಕ್ಕಳಿಗೆ ಶೇಂಗಾ ಹಂಚುತ್ತಿದ್ದರು. ಹುಬ್ಬಳ್ಳಿ ದಾಟಿದ ಮೇಲೆ ಅಪ್ಪ ಒಮ್ಮೆಲೆ ಮುಂದಕ್ಕೆ ಬಾಗಿ ಕೇಳಿದರು: "ಮಾಸ್ತರ, ಆ ತೊಲಿ ಗಿಡ್ಡ ಆಗತೈತಲ್ಲ?" ಮಾಸ್ತರರು ತಿರುಗಿ ನೋಡಿದರು. "ಹಳೇ ದನದ ಕೊಟ್ಟಿಗಿ ಕೆಡವೂದೈತಿ. ಸಾಗವಾನಿ ತೊಲಿ ಐತಿ, ಉದ್ದ ಹದಿನೇಳ ಫೂಟು ಬರತೈತಿ. ಕೆತ್ತಸ್ರಿ, ಬಡಿಗ್ಯಾನ ಪಗಾರ ನಾ ಕೊಡ್ತೀನಿ." ಮಾಸ್ತರರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅನಂತರ ಒಂದು ಹಿಡಿ ಶೇಂಗಾ ಅವರ ಕೈಗೂ ಹಾಕಿದರು.

ಹದಿನೇಳು ಫೂಟೆಂದರೆ ಐದು ಮೀಟರಿಗೆ ಸರಿಯಾಗಿ ಬಂದು ಒಂದು ಗೇಣು ಉಳಿಯುತ್ತದೆ. ಈಗ ಅದು ಪೌಳಿಯಲ್ಲಿದೆ. ಹುಡುಗಿಗೆ ಪೂರ್ಣ ಸುತ್ತು ಇನ್ನೂ ಅದರ ಮೇಲೆ ಬಂದಿಲ್ಲ. ಸುಣ್ಣದ ಗೀಟಿನ ಮೇಲೆ ಬಂದಿದೆ, ಹತ್ತಕ್ಕೆ ಏಳು ಸಲ. ಹತ್ತಕ್ಕೆ ಒಂಬತ್ತು ಆಗುವವರೆಗೆ ತೊಲೆ ಹತ್ತಿಸುವುದಿಲ್ಲವೆಂದು ಮಾಸ್ತರರು ಹೇಳಿದ್ದಾರೆ. ಈ ಸಲ ಮನೆಯಲ್ಲಿ ಯಾರೂ ತಕರಾರು ತೆಗೆದಿಲ್ಲ. ಹೋದ ಭಾನುವಾರ ಫೋನಿನಲ್ಲಿ ಅವಳನ್ನು ಕೇಳಿದೆ, "ಎಷ್ಟಕ್ಕೆ ಬಂತವ್ವಾ?" ಎಂದು. "ಏಳಕ್ಕs ಐತಿ ಮಾಮಾ" ಎಂದು ಹೇಳಿ, ಐದು ಗಂಟೆಯಾಯಿತೆಂದು ಫೋನನ್ನು ತಾಯಿಯ ಕೈಗೆ ಕೊಟ್ಟು ಓಡಿದಳು.